ರಥಸಪ್ತಮಿಯ ನೀರು

೫ ಜನವರಿ ೨೦೦೩, ಭಾನುವಾರ

‘ಚಂದ್ರನಿಲ್ಲದ ದಿನ ಕಡಲೂ ಕಣ್ಣು ಮುಚ್ಚುತ್ತದೆ’ — ಹೀಗೇ ಏನೋ ಒಂದು ಸಾಲು. ಯಾವ ಹಳೆಯ ಪತ್ರಿಕೆಯಲ್ಲಿ ಓದಿದ್ದೋ. ‘ಮುಚ್ಚುತ್ತದೆ’ ಅಂತಲೇ ಇತ್ತೋ, ‘ಮುಚ್ಚೀತೇ’ ಅಂತ ಕೇಳಿದ್ದೋ... ಮೊದಲರ್ಧ ಖಾತ್ರಿ. ಉಳಿದರ್ಧ ನಾನೇ ಹೊಲಿದುಕೊಂಡಿರಬಹುದು. ನಿಜವೇ ಅಂತಲೂ ಅನುಮಾನ. ಕಡಲು ಯಾಕೆ ಕಣ್ಣು ಮುಚ್ಚಬೇಕು?

ಈಜುಕೊಳದ ತಳದಲ್ಲಿ ಮಂಡಿಯೂರಿ ಕೂತಿದ್ದಾಗಲೂ ಇದೇ ಯೋಚನೆ. ಮಾಸ್ಕ್ ತೆಗೆದು, ಮತ್ತೆ ಹಾಕಿಕೊಂಡು, ಮೂಗಿನಿಂದ ಊದಿ ಒಳಗಿನ ನೀರನ್ನು ಹೊರಗೆ ಹಾಕುವ ಅಭ್ಯಾಸ. ಎರಡು ಸಲ ಮೂಗಿಗೆ ಕ್ಲೋರಿನ್ ಹತ್ತಿತು. ಎದುರಿಗೆ ಧನಲಕ್ಷ್ಮಿ ಗುಳ್ಳೆ ಬಿಡುತ್ತಾ ನಗುತ್ತಿದ್ದಳು. ನೀರೊಳಗೂ ಅವಳ ನಗು ಕೇಳಿಸುತ್ತದೆ.

ಮೇಲೆ ಬಂದ ಮೇಲೆ, “ಏನಕ್ಕಾ, ಒಳಗೂ ಪದ್ಯನಾ?”

“ಒಂದು ಸಾಲು ಪೂರ್ತಿ ಸಿಗ್ತಿಲ್ಲ ಕಣೇ.”

“ಸಿಲಿಂಡರ್ ಖಾಲಿಯಾಗೋ ಹೊತ್ತಿಗೆ ಸಿಗತ್ತೆ ಬಿಡಿ.”

ಐದು ವರ್ಷದ ಹಿಂದೆ ಇದೇ ಕೊಳದಲ್ಲಿ ಪರಿಚಯ. ನನಗೆ ಬೆನ್ನುನೋವು, ಅವಳಿಗೆ ಮಂಡಿ. ಇಬ್ಬರಿಗೂ ಡಾಕ್ಟರು ಹೇಳಿದ್ದು ಒಂದೇ: ಈಜಿ. ನಾನು ಕನ್ನಡ ಎಂ.ಎ. ಮಾಡಿ ಹುಡುಗಿಯರಿಗೆ ಕಾವ್ಯ ಪಾಠ ಮಾಡುವವಳು. ಅವಳು ಚಾಮರಾಜಪೇಟೆಯವಳು, ಮಾರ್ಕೆಟ್ಟಿನಲ್ಲಿ ಗಂಡನ ಜೊತೆ ತರಕಾರಿ ಮಂಡಿ ನಡೆಸುತ್ತಾಳೆ. ಕೊಳದ ಮೂಲೆಯಲ್ಲಿ ವಂಶಿ ಅನ್ನುವ ಮತ್ತಿಕೆರೆ ಹುಡುಗ ನಾಲ್ಕೈದು ಜನಕ್ಕೆ ಸಿಲಿಂಡರ್ ಕಟ್ಟಿ ಡೈವಿಂಗ್ ಕಲಿಸುತ್ತಿದ್ದ. ಧನಾ ನೋಡಿ, “ಬನ್ನಿ ಅಕ್ಕ, ಅದನ್ನೂ ಒಂದು ಕೈ ನೋಡೋಣ” ಅಂದಿದ್ದಳು. ನೋಡುತ್ತಾ ನೋಡುತ್ತಾ ವರ್ಷಕ್ಕೊಂದು ಸಲ ಕಡಲಿಗೆ ಹೋಗುವಷ್ಟಾಯಿತು.

ಇವತ್ತು ವಂಶಿ ತಾನಾಗಿಯೇ ಅಂದ: “ಈ ಸಲ ಗೋಡೆ ಮೇಡಂ.”

ಇಷ್ಟು ವರ್ಷ ಕೇಳಿದಾಗಲೆಲ್ಲ ‘ಅನುಭವ ಆಗಲಿ’ ಅನ್ನುತ್ತಿದ್ದ. ನಾವು ಇಲ್ಲಿಯವರೆಗೆ ನೋಡಿದ್ದೆಲ್ಲ ಹವಳದ ತೋಟ. ಕೆಳಗೆ ಮರಳಿರುತ್ತದೆ. ಹೆದರಿಕೆಯಾದರೆ ಮಂಡಿಯೂರಬಹುದು. ಗೋಡೆಯ ಹತ್ತಿರ ನೆಲವೇ ಇಲ್ಲವಂತೆ. ಹವಳದ ದಿಬ್ಬ ಒಂದು ಅಂಚಿಗೆ ಮುಗಿದು, ನೇರ ಕೆಳಗಿಳಿಯುತ್ತದೆ — ಬೆಳಕು ತಲುಪದ ಕಡೆಗೆ. ಅದರ ಪಕ್ಕದಲ್ಲಿ ತೇಲಿಕೊಂಡು ಸಾಗಬೇಕು. ನಿಲ್ಲುವುದಕ್ಕೆ ಉಸಿರೊಂದೇ ಆಧಾರ.

ಏಪ್ರಿಲ್‌ನಲ್ಲಿ ವಂಶಿ ಹುಬ್ಬಳ್ಳಿಗೆ ಹೋಗುತ್ತಾನೆ, ಮಾವನ ಟೈಲ್ಸ್ ಅಂಗಡಿಗೆ. ಆಮೇಲೆ ನಲವತ್ತೆಂಟರ ಲೆಕ್ಚರರನ್ನೂ ಮಂಡಿನೋವಿನ ಧನಾಳನ್ನೂ ಯಾರು ಕರೆದುಕೊಂಡು ಹೋಗುತ್ತಾರೆ? ಈ ಸಲ ಇಲ್ಲವೆಂದರೆ ಇನ್ನಿಲ್ಲ.

೮ ಜನವರಿ, ಬುಧವಾರ

ಅತ್ತೆಗೆ ಹೇಳಲೇಬೇಕಾಯಿತು.

ಇಷ್ಟು ಕಾಲ ಅವರು ಮೈಸೂರಿನಲ್ಲಿ ಭಾವನವರ ಮನೆಯಲ್ಲಿದ್ದರು. ನನ್ನ ಸಮುದ್ರದ ವಿಷಯ ಅವರವರೆಗೆ ಹೋಗಿರಲಿಲ್ಲ. ದೀಪಾವಳಿಗೆ ಶಂಕರಪುರಕ್ಕೆ ಬಂದವರು ಇಲ್ಲೇ ಉಳಿದರು. ಇವತ್ತು ಅಟ್ಟದಿಂದ ಕಾಲಿಗೆ ಹಾಕಿಕೊಳ್ಳುವ ರಬ್ಬರ್ ರೆಕ್ಕೆ ಇಳಿಸುತ್ತಿದ್ದೆ.

“ಅದೇನೇ ಗೋದಾ, ಬಾತುಕೋಳಿ ಕಾಲು?”

ಎಲ್ಲ ಹೇಳಿದೆ. ದೇವರಿಗೆ ಹೂ ಕಟ್ಟುತ್ತಿದ್ದರು. ಕೈ ನಿಲ್ಲಿಸದೆ ಕೇಳಿದರು. ಎಷ್ಟು ಆಳ ಅಂದರು. ಏಳೆಂಟು ಮಹಡಿಯಷ್ಟು ಅಂದೆ. ಬೈಗುಳ ಬರುತ್ತದೆ ಅಂತ ಕಾದೆ.

“ಹುಣ್ಣಿಮೆ, ಅಮಾವಾಸ್ಯೆ ಬಿಟ್ರೆ ಸಮುದ್ರ ಮುಟ್ಟಬಾರ್ದು. ಪರ್ವದ ದಿನ ಅದು ತೀರ್ಥ. ಮಿಕ್ಕಿದ ದಿನ ಬರೀ ಸಮುದ್ರ.”

ಆಮೇಲೆ ತಂಗಿಯ ವಿಷಯ ಹೇಳಿದರು. ಮದುವೆಯಾಗಿ ಇಪ್ಪತ್ತೈದು ವರ್ಷವಾದರೂ ನಾನು ಕೇಳಿರದ ವಿಷಯ. ಇವರಿಗೆ ಹನ್ನೆರಡು, ಅವಳಿಗೆ ಒಂಬತ್ತು. ರಾಮೇಶ್ವರ. ದಡದಲ್ಲಿ ಕಾಲು ತೊಳೆಯಲು ಹೋದವಳನ್ನು ಅಲೆ ತೆಗೆದುಕೊಂಡು ಹೋಯಿತು.

“ಅವತ್ತು ಏನೂ ಇರ್ಲಿಲ್ಲ. ಬರೀ ಮಂಗಳವಾರ.”

ಅವರೇ ಮುಂದುವರಿಸಿದರು: “ಬೇಡ ಅನ್ನಲ್ಲ. ನಿಂಗೆ ಇಷ್ಟ ಅಂತ ಕಾಣತ್ತೆ. ಪರ್ವದ ದಿನ ಇಳಿ. ಬೇರೆ ದಿನ ದಡದಲ್ಲಿ ಕೂತ್ಕೋ. ಮಾತು ಕೊಡು.”

ಕೊಟ್ಟೆ. ಅವರ ಕೈಮೇಲೆ ಕೈಯಿಟ್ಟು. ಎಪ್ಪತ್ತೊಂಬತ್ತರ ಕೈ, ತೋರುಬೆರಳಿನಲ್ಲಿ ಬಾಳೆನಾರು ಎಳೆದ ಗೀರು. ಯಾರ ಬಲವಂತವೂ ಇರಲಿಲ್ಲ. ಬೇಡ ಅನ್ನುವುದಕ್ಕೆ ಅಷ್ಟು ದೊಡ್ಡ ಕಾರಣವಿದ್ದೂ ಹೋಗು ಅಂದವರು.

ಕನ್ನಡಕ ಹಾಕಿಕೊಂಡು ಪಂಚಾಂಗ ತೆಗೆದರು. ಪುಷ್ಯ ಬಹುಳ ಅಮಾವಾಸ್ಯೆ — ಫೆಬ್ರವರಿ ಒಂದು, ಶನಿವಾರ.

ವಂಶಿಗೆ ಫೋನ್ ಮಾಡಿದೆ. ಹಡಗು ಮೂವತ್ತೊಂದಕ್ಕೆ ದ್ವೀಪ ತಲುಪುತ್ತದಂತೆ. “ಒಂದನೇ ತಾರೀಖು ನೀರಿಗಿಳೀತೀವಾ?” “ಇಳೀದೆ ಇರ್ತೀವಾ ಮೇಡಂ?” ಅಂದ. ವಾಪಸ್ ಹಡಗು ಹತ್ತಕ್ಕೆ. ಹತ್ತು ದಿನದ ದ್ವೀಪ, ಒಂದು ದಿನದ ನೀರು. ಸಾಕು. ಆ ಸಾಲೂ ಅದನ್ನೇ ಹೇಳುತ್ತದಲ್ಲ. ಚಂದ್ರನಿಲ್ಲದ ದಿನ ಕಡಲು ಶಾಂತ.

೧೪ ಜನವರಿ, ಸಂಕ್ರಾಂತಿ

ಎದುರು ಮನೆಯ ಶಕುಂತಲಮ್ಮ ಎಳ್ಳು ಬೀರಲು ಬಂದಿದ್ದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ರಿಟೈರ್ ಆಗಿ ವರ್ಷಗಳಾದರೂ ಬೀದಿಯ ಎಲ್ಲ ಲೈನೂ ಇನ್ನೂ ಅವರ ಮೂಲಕವೇ ಹೋಗುತ್ತದೆ.

ಅವರಿಗೂ ಅತ್ತೆಗೂ ಏಕಾದಶಿ ಜಗಳ. ಹದಿನೈದು ದಿನಕ್ಕೊಮ್ಮೆ ತಪ್ಪದೆ. ಅತ್ತೆಯದು ಮಠದ ಪಂಚಾಂಗ. ಶಕುಂತಲಮ್ಮನದು ಗೋಡೆಗೆ ತೂಗುಹಾಕಿದ ಕ್ಯಾಲೆಂಡರು.

“ಕ್ಯಾಲೆಂಡರ್ ನೋಡ್ಕೊಂಡು ಉಪವಾಸ ಮಾಡೋರು ಹಾಲಿನ ಲೆಕ್ಕಾನೂ ಅದರಲ್ಲೇ ಬರೀತಾರೆ” ಅಂದರು ಅತ್ತೆ.

“ಬರೀತೀನಿ. ಹಾಲು ಒಂದಿನಾನೂ ತಪ್ಪಿಲ್ಲ, ಏಕಾದಶೀನೂ ತಪ್ಪಿಲ್ಲ.”

ನನ್ನ ಕಡೆ ತಿರುಗಿ, “ನೀವೇನ್ರೀ, ಸಮುದ್ರದ ತಳ ನೋಡೋಕೆ ಹೋಗ್ತೀರಂತೆ? ಮೇಲ್ಗಡೆ ನೋಡಿ ಮುಗೀತಾ?”

ನಗು ಬಂತು. ಆದರೂ ಒಳಗೊಳಗೇ ಸ್ವಲ್ಪ ಕಿರಿಕಿರಿ. ಇಡೀ ಬೀದಿಗೆ ಗೊತ್ತಾಯಿತಲ್ಲ.

೨೮ ಜನವರಿ, ಮಂಗಳವಾರ

ಕೇಬಲ್‌ಗಾಗಿ ರಸ್ತೆ ಅಗೆದಿದ್ದಾರೆ. ನಮ್ಮ ಸಾಲಿನ ಮನೆಗಳ ಫೋನೆಲ್ಲ ಸತ್ತಿದೆ. ಎದುರು ಸಾಲಿನದು ಬದುಕಿದೆ. ಶಕುಂತಲಮ್ಮ ತಾವೇ ಬಂದು ಅಂದರು: “ನಮ್ಮ ನಂಬರಿಗೆ ಮಾಡಿ. ಮೂವತ್ತು ವರ್ಷ ಬೇರೆಯವರ ಮಾತು ದಾಟಿಸಿದೀನಿ. ಒಂದಕ್ಷರ ಸೇರಿಸಿಲ್ಲ, ಒಂದಕ್ಷರ ಬಿಟ್ಟಿಲ್ಲ.”

ಬದರಿ ಸೂಟ್‌ಕೇಸಿನ ಮೇಲೆ ಕೂತು ಜಿಪ್ ಎಳೆದುಕೊಟ್ಟರು. ಬ್ಯಾಂಕಿನಲ್ಲಿ ವರ್ಷಾಂತ್ಯದ ಗಡಿಬಿಡಿ. ಆದರೂ ಸಂಜೆ ಬೇಗ ಬರುತ್ತೇನೆ, ಅಮ್ಮನ ಜೊತೆ ಇರುತ್ತೇನೆ ಅಂದರು. ಈಜು ಬರದ ಮನುಷ್ಯ, ನನ್ನ ಗಂಡ. ಸ್ನಾನದ ಮನೆಯ ಹಂಡೆಗಿಂತ ದೊಡ್ಡ ನೀರು ಅವರಿಗೆ ಒಗ್ಗದು. ಆದರೂ ಒಂದು ದಿನವೂ ಯಾಕೆ ಅಂತ ಕೇಳಿದವರಲ್ಲ. ಇದನ್ನು ಬರೆದಿಡಬೇಕು, ಬಾಯಲ್ಲಿ ಹೇಳಲು ಆಗುವುದಿಲ್ಲ.

ಅತ್ತೆ ಹೊರಡುವಾಗಿನ ಮಾತು ಈಗಲೇ ಆಡಿ ಮುಗಿಸಿದರು: “ಅಮಾವಾಸ್ಯೆ. ನೆನಪಿದೆಯಲ್ಲ?”

೩೧ ಜನವರಿ, ಶುಕ್ರವಾರ. ದ್ವೀಪ

ಹಡಗಿನಲ್ಲಿ ಧನಾಳಿಗೆ ವಾಂತಿ. “ನೀರೊಳಗೆ ಚೆನ್ನಾಗಿರ್ತೀನಿ ಅಕ್ಕ, ಈ ಮೇಲಿರೋದೇ ಆಗಲ್ಲ.”

ಹಸಿರು ನೀರು. ತೆಂಗು. ಬಿಳಿ ಮರಳಿನ ಮೇಲೆ ಏಡಿಗಳ ಕಾಲ್ಗೀರು. ನಾಳೆ.

೧ ಫೆಬ್ರವರಿ, ಶನಿವಾರ. ಸಂಜೆ

ನಗಬೇಕೋ ಅಳಬೇಕೋ.

ಬೆಳಗ್ಗೆ ದೋಣಿ ದಡದ ಪಕ್ಕದಲ್ಲೇ, ಹವಳದ ದಂಡೆಯೊಳಗಿನ ಆಳವಿಲ್ಲದ ನೀರಿಗೆ ಹೋಗಿ ನಿಂತಿತು. ಗೋಡೆ ಎಲ್ಲಿ ಅಂದೆ.

“ಗೋಡೆ ಎಂಟನೇ ತಾರೀಖು ಮೇಡಂ. ಇವತ್ತು ಇಲ್ಲೇ, ಕೈಕಾಲು ಸಡಿಲ ಮಾಡ್ಕೊಳ್ಳೋದು.”

“ಇವತ್ತೇ ಅಲ್ವಾ?”

ವಂಶಿ ನನ್ನನ್ನೇ ನೋಡಿದ. “ಇವತ್ತು ಅಮಾವಾಸ್ಯೆ ಮೇಡಂ. ಅಮಾವಾಸ್ಯೆ, ಹುಣ್ಣಿಮೆ ಅಂದ್ರೆ ನೀರಿನ ಏರಿಳಿತ ಜೋರು. ಗೋಡೆ ಹತ್ರ ಸೆಳೆತ ಎಷ್ಟಿರತ್ತೆ ಗೊತ್ತಾ? ಹಿಡ್ಕೊಳ್ಳೋಕೆ ಏನೂ ಇಲ್ಲ, ಸೀದಾ ಕೆಳಗೆ ತಗೊಂಡ್ ಹೋಗತ್ತೆ. ಅರ್ಧ ಚಂದ್ರ ಬರೋ ಹೊತ್ತಿಗೆ ನೀರು ಸುಸ್ತಾಗಿರತ್ತೆ. ಅದಕ್ಕೇ ಎಂಟು.”

ಅತ್ತೆಗೆ ಕೊಟ್ಟ ಮಾತು ಹೇಳಿದೆ. ವಂಶಿ ಟೋಪಿ ತೆಗೆದು ತಲೆ ಕೆರೆದುಕೊಂಡ. ಧನಾ ನಕ್ಕು ನಕ್ಕು ದೋಣಿಯ ತಳದಲ್ಲಿ ಕೂತುಬಿಟ್ಟಳು.

“ಅಕ್ಕಾ... ಚಂದ್ರನ ಮೇಲೆ ಎಷ್ಟು ಪದ್ಯ ಪಾಠ ಮಾಡಿದೀರಿ? ಅವನು ಏನ್ ಕೆಲ್ಸ ಮಾಡ್ತಾನೆ ಅಂತ ಮಾತ್ರ ಗೊತ್ತಿಲ್ಲ.”

ನಿಜ. ಇಪ್ಪತ್ತೆರಡು ವರ್ಷ ಬೆಳುದಿಂಗಳು ಬಿಡಿಸಿ ಬಿಡಿಸಿ ಹೇಳಿದ್ದೇನೆ. ನೀರಿನ ಏರಿಳಿತ ಶಾಲೆಯಲ್ಲಿ ಓದಿದ್ದೇ. ಪರೀಕ್ಷೆಗೆ ಬರೆದು ಅಲ್ಲೇ ಬಿಟ್ಟು ಬಂದಿದ್ದೆ. ಬದಲಿಗೆ ಒಂದು ಅರ್ಧ ಸಾಲನ್ನು ನಂಬಿದೆ. ಕಡಲು ಕಣ್ಣು ಮುಚ್ಚುವ ದಿನವೇ ಅಲ್ಲ ಇದು. ಎರಡು ಕಣ್ಣೂ ಬಿಟ್ಟು ಎದ್ದು ಕೂತ ದಿನ.

ಇಳಿದೆವು. ಆಳವಿಲ್ಲ, ಬಿಸಿಲು ಮರಳಿನ ಮೇಲೆ ಬಲೆ ನೇಯುತ್ತಿತ್ತು. ಒಂದು ಪುಟ್ಟ ಮೀನು ನನ್ನ ಮಾಸ್ಕಿನಲ್ಲಿ ತನ್ನದೇ ಮುಖ ನೋಡಿ ಜಗಳಕ್ಕೆ ಬಂತು. ಚೆನ್ನಾಗಿತ್ತು. ದೂರು ಹೇಳುವ ಹಾಗಿಲ್ಲ. ಅತ್ತೆ ಕೊಟ್ಟ ಒಂದು ದಿನ ಹೀಗೆ ಮುಗಿಯಿತು.

೩ ಫೆಬ್ರವರಿ, ಸೋಮವಾರ

ದಡದಲ್ಲಿ ಕೂತಿದ್ದೇನೆ. ಎಲ್ಲರೂ ನೀರಿಗೆ ಹೋಗಿದ್ದಾರೆ. ಪುಸ್ತಕ ತೆರೆದರೆ ಅಕ್ಷರದ ಮೇಲೆ ಮರಳು.

ಮಧ್ಯಾಹ್ನ ಧನಾ ಒದ್ದೆ ಕೂದಲಲ್ಲೇ ಬಂದು ಪಕ್ಕದಲ್ಲಿ ಕೂತಳು.

“ಅಕ್ಕ, ಅವರು ಶಂಕರಪುರದಲ್ಲಿದಾರೆ. ನೀವು ನೀರೊಳಗಿರ್ತೀರ. ಯಾರಿಗೆ ಗೊತ್ತಾಗತ್ತೆ?”

“ನಂಗೆ.”

“ಅದೊಂದು ಕಷ್ಟ ನಿಮ್ಮತ್ರ.”

ಆಮೇಲೆ ಅಂದೆ, “ನೀನು ಹೋಗು. ಜೋಡಿಗೆ ಬೇರೆ ಯಾರನ್ನಾದ್ರೂ ವಂಶಿ ಕೊಡ್ತಾನೆ.” ಗೋಡೆಗೆ ಒಂಟಿಯಾಗಿ ಬಿಡುವುದಿಲ್ಲ. ಇಬ್ಬಿಬ್ಬರು ಜೊತೆ, ಒಬ್ಬರ ಗಾಳಿಗೆ ಇನ್ನೊಬ್ಬರು ಕಾವಲು.

“ಬೇಡ.”

“ಯಾಕೆ?”

“ನಿಮ್ಮ ಉಸಿರು ನಂಗೊತ್ತು. ನೀವು ಗಾಬರಿಯಾದ್ರೆ ಗುಳ್ಳೆ ಸಣ್ಣಗಾಗತ್ತೆ, ಖುಷಿಯಾದ್ರೆ ಬಿಡೋದೇ ಮರೀತೀರ. ಬೇರೆಯವ್ರದ್ದು ಈಗ ಎಲ್ಲಿ ಕಲೀಲಿ? ನೀವಿಲ್ಲ ಅಂದ್ರೆ ನಾನೂ ಇಲ್ಲ. ಗೋಡೆ ತಾನೆ, ನಮ್ಮನೇಲೂ ನಾಲ್ಕಿದೆ.”

ತಮಾಷೆಗೆ ಅಂದದ್ದೇ. ಆದರೆ ಮುಖ ಆ ಕಡೆ ಮಾಡಿಕೊಂಡಳು. ನನ್ನ ಮಾತಿಗೆ ಅವಳ ಗೋಡೆಯೂ ಹೋಗುತ್ತದೆ.

೫ ಫೆಬ್ರವರಿ, ಬುಧವಾರ

ಬೆಳಗಿನಿಂದ ಒಂದೇ ಯೋಚನೆ. ಮಾತು ಮುರಿಯಲಾರೆ. ಆದರೆ ಮಾತು ತೆಗೆದುಕೊಂಡವರನ್ನೇ ಕೇಳಬಹುದಲ್ಲ? ಬೇಡ ಅಂದರೆ ಬೇಡ. ಬದರಿಗೆ ಬ್ಯಾಂಕಿಗೆ ಮಾಡಿದರೆ ‘ಅಮ್ಮನಿಗೆ ಯಾಕೆ ಹೇಳ್ತೀಯ, ಹೋಗಿ ಬಾ’ ಅನ್ನುತ್ತಾರೆ. ಅದು ಬೇಕಿಲ್ಲ. ಅತ್ತೆಯ ಬಾಯಿಂದಲೇ ಬರಬೇಕು.

ದೋಣಿಕಟ್ಟೆಯ ಪಕ್ಕದ ಎಸ್‌ಟಿಡಿ ಬೂತಿಗೆ ಹೋದೆ. ಲೈನ್ ಸಿಗಲು ಒಂದು ಗಂಟೆ. ಶಕುಂತಲಮ್ಮನ ‘ಹಲೋ’ ಕೇಳಿದಾಗ ಕಣ್ಣಲ್ಲಿ ನೀರು ಬಂತು, ಯಾಕೋ.

“ಅತ್ತೆ ಆರಾಮಾಗಿದಾರೆ. ಏಕಾದಶಿ ಜಗಳಕ್ಕೆ ಇನ್ನೂ ಟೈಮಿದೆ. ನೀವ್ಯಾಕೆ ಮೂಗು ಕಟ್ಟಿದ ಹಾಗೆ ಮಾತಾಡ್ತಿದೀರಿ?”

ಎಲ್ಲ ಹೇಳಿದೆ. ಅಮಾವಾಸ್ಯೆಯ ಸೆಳೆತ, ಎಂಟನೇ ತಾರೀಖು, ಕೊಟ್ಟ ಮಾತು, ರಾಮೇಶ್ವರ, ಧನಾ. ನನ್ನ ಮನೆಯೊಳಗಿನದನ್ನು ಅವರಿಗೆ ಅಷ್ಟೊಂದು ಎಂದೂ ಹೇಳಿದವಳಲ್ಲ. ನಡುವೆ ಒಂದು ಮಾತೂ ಆಡದೆ ಕೇಳಿಸಿಕೊಂಡರು.

“ಕೇಳಿ ನೋಡಿ. ಬೇಡ ಅಂದ್ರೆ ನಂಗೆ ಬೇಜಾರಿಲ್ಲ ಅಂತಾನೂ ಹೇಳಿ.”

“ಅರ್ಧ ಗಂಟೆ ಬಿಟ್ಟು ಮಾಡಿ” ಅಂದು ಇಟ್ಟರು.

ಬೂತಿನ ಹೊರಗೆ ಬಲೆ ಒಣಹಾಕಿದ್ದರು. ಅದರ ಕಣ್ಣುಗಳನ್ನು ನೋಡುತ್ತಾ ಕೂತೆ. ಬೇಡ ಅನ್ನುತ್ತಾರೆ ಅಂತ ಮನಸ್ಸು ಗಟ್ಟಿ ಮಾಡಿಕೊಂಡೆ. ಅನ್ನುವುದೇ ಸರಿ ಅಂತಲೂ ಅನಿಸಿತು.

ಎರಡನೇ ಸಲ ಲೈನ್ ಬೇಗ ಸಿಕ್ಕಿತು. ಶಕುಂತಲಮ್ಮನ ದನಿ ಆಫೀಸಿನ ದನಿಯಾಗಿತ್ತು, ಟ್ರಂಕ್ ಕಾಲಿನ ಕಾಲದ್ದು.

“ಶನಿವಾರ ರಥಸಪ್ತಮಿ ಕಣ್ರೀ. ಕ್ಯಾಲೆಂಡರಲ್ಲೇ ಇದೆ. ಸ್ನಾನದ ದಿನವೇ. ಹೋಗ್ಬರ್ಲಿ ಅಂದ್ರು.”

“ಅತ್ತೆನಾ?”

“ಮತ್ತಿನ್ಯಾರು?”

ರಥಸಪ್ತಮಿ. ನನಗೆ ಹೊಳೆದೇ ಇರಲಿಲ್ಲ. ಎಕ್ಕದೆಲೆ ತಲೆ ಮೇಲೆ, ಭುಜದ ಮೇಲೆ ಇಟ್ಟುಕೊಂಡು ಮೀಯುವ ದಿನ. ನೀರು ಸುಸ್ತಾಗುವ ಸಪ್ತಮಿ, ಸೂರ್ಯನ ಸ್ನಾನದ ಸಪ್ತಮಿ, ಎರಡೂ ಒಂದೇ ದಿನ. ಅತ್ತೆ ಶಕುಂತಲಮ್ಮನ ಕ್ಯಾಲೆಂಡರ್ ನೋಡಿದರೇ? ನನಗೋಸ್ಕರ ಅದನ್ನೂ ನೋಡಿದರೋ ಏನೋ.

ಧನಾಳಿಗೆ ಹೇಳಿದೆ. ನನ್ನ ರಬ್ಬರ್ ರೆಕ್ಕೆ ತೆಗೆದುಕೊಂಡು ಹೋಗಿ ಸಿಹಿನೀರಲ್ಲಿ ತೊಳೆದು ಒರೆಸಿಟ್ಟಳು.

೮ ಫೆಬ್ರವರಿ, ರಥಸಪ್ತಮಿ. ಮಧ್ಯಾಹ್ನ

ಕೈ ಇನ್ನೂ ಸುಕ್ಕುಗಟ್ಟಿದೆ. ಬರೆದುಬಿಡುತ್ತೇನೆ.

ಇಲ್ಲಿ ಎಕ್ಕದ ಗಿಡ ಕಾಣಲಿಲ್ಲ. ಬೆಳಗ್ಗೆ ಬರಿಗೈಯಲ್ಲೇ ಪೂರ್ವಕ್ಕೆ ತಿರುಗಿ ಕೈಮುಗಿದೆ. ಅತ್ತೆಯ ಹೆಸರು ಹೇಳಿ ದೋಣಿ ಹತ್ತಿದೆ. ಕಡಲು ಎಣ್ಣೆ ಹಾಗೆ ನಿಂತಿತ್ತು.

ಹಿಂದಕ್ಕೆ ಉರುಳಿ ನೀರಿಗೆ ಬಿದ್ದೆವು. ಮೂಗು ಹಿಡಿದು ಊದಿ ಕಿವಿ ಬಿಡಿಸಿಕೊಳ್ಳುತ್ತಾ ಮೆಲ್ಲಗೆ ಇಳಿದೆವು. ಮೊದಲು ಹವಳದ ದಿಬ್ಬ, ನಮಗೆ ಪರಿಚಯದ್ದೇ. ಅದರ ಮೇಲೆ ಕಿತ್ತಳೆ ಬಣ್ಣದ ಸಣ್ಣ ಮೀನು, ಸಾವಿರಾರು. ಗಾಂಧಿಬಜಾರಿನಲ್ಲಿ ಕನಕಾಂಬರ ಸುರಿದ ಹಾಗೆ. ಅಂಚು ಬಂತು. ವಂಶಿ ತಿರುಗಿ ನೋಡಿ, ಹೆಬ್ಬೆರಳು ತೋರುಬೆರಳು ಸೇರಿಸಿ ‘ಸರಿನಾ’ ಅಂತ ಕೇಳಿದ. ಸರಿ ಅಂತ ತೋರಿಸಿದೆವು. ಅಂಚು ದಾಟಿದೆವು.

ತಾರಸಿಯಿಂದ ಕಾಲು ಹೊರಗಿಟ್ಟು, ಬೀಳದೆ ನಿಂತುಬಿಟ್ಟರೆ ಹೇಗಿರುತ್ತದೋ ಹಾಗೆ. ಕೆಳಗೆ ನೀಲಿ. ಅದರ ಕೆಳಗೆ ಇನ್ನೂ ಗಾಢ ನೀಲಿ. ಅದರ ಕೆಳಗಿನದಕ್ಕೆ ನನ್ನಲ್ಲಿ ಹೆಸರಿಲ್ಲ. ಒಂದು ಉದ್ದದ ಉಸಿರು ತೆಗೆದುಕೊಂಡೆ, ಅರ್ಧ ಅಡಿ ಮೇಲೆದ್ದೆ. ಬಿಟ್ಟೆ, ಅರ್ಧ ಅಡಿ ಇಳಿದೆ. ಅಷ್ಟೇ ಆಧಾರ. ಸಾಕಾಯಿತು.

ಬಲಗಡೆ ಗೋಡೆ. ಮೇಲಿನಿಂದ ಕೆಳಗಿನವರೆಗೆ ಎಲ್ಲೂ ಒಂದು ಕೈಯಗಲ ಖಾಲಿ ಜಾಗವಿಲ್ಲ. ಬೀಸಣಿಗೆಯಂಥ ಹವಳ, ನನಗಿಂತ ಎತ್ತರದವು, ನೀರಿನ ಕಡೆ ಮುಖ ಮಾಡಿ ನಿಂತಿವೆ. ಚಾಟಿಯಂಥವು. ಬಿಲದಿಂದ ತಲೆ ಹಾಕಿ ಬಾಯಿ ತೆರೆದು ಮುಚ್ಚುವ ಹಾವುಮೀನು. ಧನಾ ಒಂದೊಂದನ್ನೂ ತೋರಿಸಿ ಕೈಸನ್ನೆ ಮಾಡುತ್ತಿದ್ದಳು. ಮೇಲೆ ಬಂದ ಮೇಲೆ ಗೊತ್ತಾಯಿತು, ಅವಳು ಹೇಳುತ್ತಿದ್ದದ್ದು ಹೂಕೋಸು, ಹಾಗಲಕಾಯಿ, ನುಗ್ಗೆ.

ಅವಳ ಮಣಿಕಟ್ಟಿನಲ್ಲಿ ದೇವರ ಕೆಂಪು ದಾರ. ಆಳದಲ್ಲಿ ಅದು ಕಪ್ಪಾಗಿ ಕಂಡಿತು. ನೀರು ಮೊದಲು ಕೆಂಪನ್ನೇ ನುಂಗುತ್ತದೆ ಅಂತ ವಂಶಿ ಹೇಳಿದ್ದ. ಅವನು ಟಾರ್ಚ್ ಬಿಟ್ಟ. ದಾರ ಧಗ್ಗನೆ ಕೆಂಪಾಯಿತು. ಟಾರ್ಚ್ ಗೋಡೆಗೆ ತಿರುಗಿಸಿದ. ಇಡೀ ಗೋಡೆಯೇ ಕೆಂಪು. ಕುಂಕುಮ, ದಾಸವಾಳ, ದಾಳಿಂಬೆ ಬೀಜ. ಯಾರೂ ನೋಡದ ಕತ್ತಲಲ್ಲಿ ಇಷ್ಟು ಬಣ್ಣ ಸುಮ್ಮನೆ ಇಟ್ಟುಕೊಂಡು ಕೂತಿದೆ.

ಒಂದು ಆಮೆ ನಮ್ಮನ್ನು ದಾಟಿ ನೀಲಿಯ ಕಡೆಗೆ ಹೋಯಿತು. ಅವಸರವಿಲ್ಲದೆ. ಅದನ್ನೇ ನೋಡುತ್ತಿದ್ದೆ. ತೊಡೆಗೆ ಯಾರೋ ಬಲವಾಗಿ ಚಿವುಟಿದರು. ಧನಾ. ಆಳ ತೋರಿಸುವ ನನ್ನ ಮೀಟರನ್ನು ನನ್ನ ಕಣ್ಣಿಗೇ ಹಿಡಿದಳು. ನಾವು ಇಳಿಯಬೇಕಿದ್ದ ಆಳ ದಾಟಿ ಮೂರು ಮಹಡಿ ಕೆಳಗಿದ್ದೆ. ಇಳಿದದ್ದೇ ಗೊತ್ತಾಗಿರಲಿಲ್ಲ. ಕೆಳಗೆ ನೆಲವಿಲ್ಲದಿದ್ದರೆ ಇಳಿಯುತ್ತಿದ್ದೇವೆ ಅಂತ ಹೇಳುವವರು ಯಾರು? ನನ್ನ ಜಾಕೆಟ್ಟಿನ ಪಟ್ಟಿ ಹಿಡಿದುಕೊಂಡು, ಕಣ್ಣಲ್ಲಿ ಕಣ್ಣಿಟ್ಟು, ಮೆಲ್ಲಗೆ, ಗುಳ್ಳೆಗಿಂತ ಮೆಲ್ಲಗೆ ಮೇಲೆ ಕರೆತಂದಳು. ಆಮೇಲೆ ಕೊನೆಯವರೆಗೂ ಪಟ್ಟಿ ಬಿಡಲಿಲ್ಲ.

ದೋಣಿಯಲ್ಲಿ: “ಖುಷಿಯಾದ್ರೆ ಉಸಿರು ಬಿಡೋದು ಮರೀತೀರ ಅಂದಿದ್ನಲ್ಲ. ಇವತ್ತು ತಗೊಳ್ಳೋದೂ ಮರೆತ್ರಿ.”

“ನೀನು ನೋಡ್ದೆ.”

“ನೋಡೋಕೇ ತಾನೆ ಬಂದಿದ್ದು. ಗೋಡೆ ನೋಡಿದ್ದು ಅರ್ಧ, ನಿಮ್ಮನ್ನ ನೋಡಿದ್ದು ಅರ್ಧ.”

ತೊಡೆ ನೀಲಿಗಟ್ಟಿದೆ. ಇರಲಿ. ಮಾಯವಾಗುವುದು ನಿಧಾನವಾಗಲಿ.

ಯಾರಿಗೆಲ್ಲ ಋಣಿ ನಾನು. ಧನಾಳ ಉಗುರಿಗೆ. ಕಾದು ಕರೆತಂದ ವಂಶಿಗೆ. ಎಲ್ಲಕ್ಕಿಂತ ಮೊದಲು ಅತ್ತೆಗೆ. ಅವರ ಒಂದು ‘ಹೋಗ್ಬರ್ಲಿ’ ಇಲ್ಲದಿದ್ದರೆ ನಾನು ಆ ಅಂಚಿನಲ್ಲಿ ಕದ್ದವಳ ಹಾಗೆ ತೇಲಬೇಕಿತ್ತು.

೧೨ ಫೆಬ್ರವರಿ, ಬುಧವಾರ. ಶಂಕರಪುರ

ಮನೆ. ರಸ್ತೆ ಮುಚ್ಚಿದ್ದಾರೆ. ಫೋನ್ ಇನ್ನೂ ಸತ್ತೇ ಇದೆ.

ಅತ್ತೆ ನನ್ನ ಕಪ್ಪಾದ ಮುಖ ನೋಡಿ ದೃಷ್ಟಿ ತೆಗೆದರು. ಊಟವಾದ ಮೇಲೆ ಹೂ ಕಟ್ಟುತ್ತಾ ಕೇಳಿದರು, “ಅಮಾವಾಸ್ಯೆ ದಿನ ಹೇಗಿತ್ತೇ ನೀರು?”

“ಅಮಾವಾಸ್ಯೆಗೆ ದಡದ ಹತ್ರ ಅಷ್ಟೇ. ಗೋಡೆ ನೋಡಿದ್ದು ರಥಸಪ್ತಮಿ ದಿನ. ನೀವು ಹೋಗ್ಬರ್ಲಿ ಅಂದ್ರಲ್ಲ, ಅವತ್ತು. ನೀವು ಹಾಗೆ ಅನ್ನದಿದ್ರೆ ನಾನು ಇಳೀತಿರ್ಲಿಲ್ಲ ಅತ್ತೆ.”

ಬಗ್ಗಿ ನಮಸ್ಕಾರ ಮಾಡಿದೆ. ತಲೆ ಎತ್ತಿದಾಗ ಅವರ ಕೈ ನಿಂತಿತ್ತು. ಬೆರಳಲ್ಲಿ ಅರ್ಧ ಹಾಕಿದ ಗಂಟು.

“ನಾನಾ? ಯಾರತ್ರ ಅಂದೆ?”

“ಶಕುಂತಲಮ್ಮನ ಹತ್ರ. ನಾನು ಫೋನ್ ಮಾಡಿದಾಗ.”

ಕಿಟಕಿಯಾಚೆ ಎದುರು ಮನೆಯ ಕಡೆ ನೋಡಿದರು. ತುಂಬ ಹೊತ್ತು. ಮರೆತಿದ್ದಾರೆ ಪಾಪ, ವಯಸ್ಸಾಯಿತು ಅಂದುಕೊಂಡೆ.

“ಹೂಂ,” ಅಂದರು. “ಅಂದಿದ್ದೆ. ಸ್ನಾನದ ದಿನವೇ ಅಲ್ವಾ.”

ಗಂಟು ಬಿಗಿದರು. ಮತ್ತೆರಡು ಹೂವಾದ ಮೇಲೆ, “ಕೆಳಗಡೆ ಕತ್ತಲಾ?”

“ನೀಲಿ. ಕತ್ತಲಲ್ಲ. ಕೆಂಪು ಮಾತ್ರ ಕಾಣಲ್ಲ, ಕಪ್ಪಾಗಿ ಕಾಣತ್ತೆ. ಟಾರ್ಚ್ ಬಿಟ್ರೆ ಬಣ್ಣ ವಾಪಸ್ ಬರತ್ತೆ.”

“ಅವಳು ಕೆಂಪು ಲಂಗ ಹಾಕಿದ್ಲು.”

ಅವರ ಮಂಡಿಯ ಪಕ್ಕ ಕೂತೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಇದ್ದಕ್ಕಿದ್ದಂತೆ ಕೇಳಿದರು:

“ವಾಪಸ್ ಬರತ್ತೆ ಅಂದ್ಯಲ್ಲ, ಬಣ್ಣ?”

“ಹೂಂ ಅತ್ತೆ. ಬೆಳಕು ಬಿಟ್ರೆ ಬರತ್ತೆ.”

“ಸರಿ” ಅಂದರು.

೧೬ ಫೆಬ್ರವರಿ, ಭಾನುವಾರ. ಹುಣ್ಣಿಮೆ

ಕೊಳಕ್ಕೆ ಹೋಗಲಿಲ್ಲ. ಧನಾ ಫೋನ್ ಮಾಡಲಾಗದೆ ಯಾರ ಕೈಯಲ್ಲೋ ಒಂದು ಚೀಲ ಕಳಿಸಿದ್ದಾಳೆ. ಹೂಕೋಸು, ಹಾಗಲ, ನುಗ್ಗೆ. ಅತ್ತೆ, “ಇದ್ಯಾಕೆ ಒಬ್ಳೇ ನಗ್ತೀಯ?” ಅಂದರು.

ಇವತ್ತು ಅತ್ತೆ ಎರಡು ಮಾಲೆ ಕಟ್ಟಿದರು. ಒಂದು ನಮ್ಮ ದೇವರಿಗೆ. ಇನ್ನೊಂದನ್ನು ಬಾಳೆಲೆಯಲ್ಲಿ ಸುತ್ತಿ ತಟ್ಟೆಯಲ್ಲಿಟ್ಟು, “ಎದುರುಮನೆಗೆ ಕೊಟ್ಟು ಬಾ” ಅಂದರು. ಹೀಗೆ ಕಳಿಸಿದ್ದು ಇದೇ ಮೊದಲು.

“ಯಾಕೆ ಅಂತ ಕೇಳಿದ್ರೆ?”

“ಹುಣ್ಣಿಮೆ ಅನ್ನು. ಅವಳ ಕ್ಯಾಲೆಂಡರಲ್ಲೂ ಇವತ್ತೇ ಇದ್ರೆ.”

ಶಕುಂತಲಮ್ಮ ತಟ್ಟೆ ಇಸಿದುಕೊಂಡು ಮಾಲೆಯನ್ನೂ ನನ್ನನ್ನೂ ನೋಡಿದರು. ಬಾಯಿಗೆ ಮಾತು ಬರದ ಶಕುಂತಲಮ್ಮನನ್ನು ನಾನು ನೋಡಿರಲಿಲ್ಲ.

ಆ ಸಾಲು ಇನ್ನೂ ಪೂರ್ತಿ ಸಿಕ್ಕಿಲ್ಲ. ಹುಡುಕುವುದು ಬಿಟ್ಟಿದ್ದೇನೆ. ಅದು ತಪ್ಪಿದ್ದರಿಂದಲೇ ಇಷ್ಟೆಲ್ಲ ಸಿಕ್ಕಿತು.

೧೭ ಫೆಬ್ರವರಿ, ಸೋಮವಾರ

ಕಾಲೇಜಿಂದ ಬಂದು ಕಾಫಿಗೆ ಇಟ್ಟಿದ್ದೆ. ಬಾಗಿಲು ಸದ್ದು. ಶಕುಂತಲಮ್ಮ, ತಟ್ಟೆ ವಾಪಸ್ ಕೊಡಲು. ಖಾಲಿ ತಟ್ಟೆ ಕೊಡಬಾರದು ಅಂತ ಎರಡು ಕಿತ್ತಳೆ ಇಟ್ಟಿದ್ದರು. ಒಳಗೆ ಬನ್ನಿ ಅಂದೆ. ಬರಲಿಲ್ಲ. ಅತ್ತೆ ಎಲ್ಲಿ ಅಂತ ಕೇಳಿದರು. ಹಿತ್ತಲಲ್ಲಿ ಹೂ ಬಿಡಿಸುತ್ತಿದ್ದಾರೆ ಅಂದೆ. ದನಿ ತಗ್ಗಿಸಿದರು.

“ಆ ಹೂ ನಂಗೆ ದಕ್ಕಲ್ಲ ಗೋದಾ. ಅವತ್ತು ನೀವು ಫೋನ್ ಮಾಡಿದಾಗ ನಾನು ನಿಮ್ಮ ಗೇಟ್‌ವರೆಗೂ ಬಂದಿದ್ದೆ. ನಿಮ್ಮತ್ತೆ ಜಗಲಿ ಮೇಲೆ ಕೂತು ಹೂ ಕಟ್ತಿದ್ರು. ಬೇಡ ಅಂದ್ರೆ ನಿಮಗೆ ಕಷ್ಟ, ಹೂಂ ಅಂದ್ರೆ ಅವರು ನೀವು ಬರೋವರೆಗೂ ನಿದ್ದೆ ಮಾಡ್ತಿರ್ಲಿಲ್ಲ. ಕೇಳೋಕೆ ಬಾಯಿ ಬರ್ಲಿಲ್ಲ. ವಾಪಸ್ ಹೋಗಿ ಕ್ಯಾಲೆಂಡರ್ ನೋಡ್ದೆ. ಮೂವತ್ತು ವರ್ಷದಲ್ಲಿ ಮೊದಲ್ನೇ ಸಲ, ಲೈನ್ ಕೊಡದೆ ನಾನೇ ಉತ್ತರ ಹೇಳ್ಬಿಟ್ಟೆ.”

ಒಲೆಯ ಮೇಲೆ ಹಾಲು ಉಕ್ಕುವ ಸದ್ದು. ಹಿತ್ತಲ ಬಾಗಿಲು ತೆರೆದ ಸದ್ದು.

ತಟ್ಟೆ ನನ್ನ ಕೈಗೆ ತುರುಕಿ, ಮೆಟ್ಟಿಲಿಳಿಯುತ್ತಾ ತಿರುಗಿ ಪಿಸುಗುಟ್ಟಿದರು, “ಏನೇ ಆಗ್ಲಿ, ನಿಮ್ಮತ್ತೆಗೆ ಮಾತ್ರ ಗೊತ್ತಾಗೋದು ಬೇಡ...”